ನಿವೃತ್ತ ಹವಾಲ್ದಾರ್ ಮಕ್ಕಳ ಓದಿಗೆ ಪಿಎಂಎಸ್‌ಎಸ್, ಶಿಕ್ಷಣ ಅನುದಾನ: ಯಾವುದು ಯಾರಿಗೆ, ದಾಖಲೆಯಲ್ಲಿ ಹೆಸರು ತಾಳೆಯಾಗದಿದ್ದರೆ ಏನು ಮಾಡೋದು?

ಕೇಳಿದವರು: ಕಡಲೂರ_ಹುಡುಗ

ಅಪ್ಪ ಆರ್ಟಿಲರಿಯಿಂದ ಹವಾಲ್ದಾರ್ ಆಗಿ ನಿವೃತ್ತರಾಗಿದ್ದಾರೆ, ಪಿಂಚಣಿ ಬರ್ತಿದೆ. ಮನೆ ಉಡುಪಿ ಜಿಲ್ಲೆಯಲ್ಲಿ. ತಂಗಿಗೆ ದ್ವಿತೀಯ ಪಿಯುಸಿಯಲ್ಲಿ 81%, ಈ ವರ್ಷ ಬಿ.ಇ. ಮೊದಲ ವರ್ಷಕ್ಕೆ ಸೇರಿದ್ದಾಳೆ. ತಮ್ಮ ಎಂಟನೇ ಕ್ಲಾಸ್ ಪಾಸಾಗಿ ಒಂಬತ್ತರಲ್ಲಿದ್ದಾನೆ.

ತಿಳಿಯಬೇಕಾದ್ದು ಇಷ್ಟು. ಪ್ರಧಾನಮಂತ್ರಿ ಸ್ಕಾಲರ್‌ಶಿಪ್ (ಪಿಎಂಎಸ್‌ಎಸ್) ಮತ್ತು ಸೈನಿಕ ಬೋರ್ಡಿನ ಶಿಕ್ಷಣ ಅನುದಾನ ಒಂದೇನಾ, ಬೇರೆ ಬೇರೆನಾ? ಇಬ್ಬರಿಗೂ ಹಾಕಬಹುದಾ? ಅಪ್ಪನ ಡಿಸ್ಚಾರ್ಜ್ ಬುಕ್‌ನಲ್ಲಿ (ನಿವೃತ್ತಿ ಹೊತ್ತಿಗೆ ಸೇನೆ ಕೊಡುವ ಸೇವಾ ದಾಖಲೆ ಪುಸ್ತಕ) ತಂಗಿಯ ಹೆಸರು ಬರೀ "ಆಶಾ" ಅಂತಿದೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ "ಆಶಾಲತಾ ಆರ್." ಹುಟ್ಟಿದ ತಾರೀಕಲ್ಲೂ ಎರಡು ತಿಂಗಳ ವ್ಯತ್ಯಾಸ. ಇದು ತೊಂದರೆ ಕೊಡುತ್ತಾ? ಪೇಟೆಯ ಸೈಬರ್ ಅಂಗಡಿಯವರು "ಎಲ್ಲ ನಾವೇ ಮಾಡಿಕೊಡ್ತೀವಿ" ಅಂತಿದ್ದಾರೆ. ಅವರ ಕೈಗೆ ಕೊಡಬಹುದಾ?

ಉತ್ತರ: ನಿವೃತ್ತ_ಗುಮಾಸ್ತ

ಎರಡೂ ಬೇರೆ ಬೇರೆ. ದುಡ್ಡು ಬರುವ ನಿಧಿಯೂ ಬೇರೆ, ನಿಯಮವೂ ಬೇರೆ. ಅರ್ಜಿ ಹಾಕುವ ಜಾಗ ಮಾತ್ರ ಒಂದೇ, ಕೇಂದ್ರೀಯ ಸೈನಿಕ ಬೋರ್ಡಿನ ಪೋರ್ಟಲ್. ಅದಕ್ಕೇ ಜನ ಗೊಂದಲ ಮಾಡಿಕೊಳ್ಳೋದು.

ಮೊದಲು ತಂಗಿಯದು. ಅವಳಿಗೆ ಪಿಎಂಎಸ್‌ಎಸ್. ಇದು ರಾಷ್ಟ್ರೀಯ ರಕ್ಷಣಾ ನಿಧಿಯಿಂದ ಬರುವ ಹಣ, 2006-07ರಿಂದ ನಡೀತಿದೆ. ಇಡೀ ದೇಶಕ್ಕೆ ವರ್ಷಕ್ಕೆ 5,500 ಹೊಸ ವಿದ್ಯಾರ್ಥಿವೇತನ, ಹುಡುಗರಿಗೆ ಅರ್ಧ, ಹುಡುಗಿಯರಿಗೆ ಅರ್ಧ. ಹುಡುಗಿಯರಿಗೆ ತಿಂಗಳಿಗೆ 3,000, ಹುಡುಗರಿಗೆ 2,500 ರೂಪಾಯಿ ಲೆಕ್ಕ. ಆದರೆ ತಿಂಗಳು ತಿಂಗಳು ಬರೋದಿಲ್ಲ, ವರ್ಷಕ್ಕೊಮ್ಮೆ ಒಟ್ಟಿಗೆ 36,000 ಅಥವಾ 30,000 ಖಾತೆಗೆ ಬೀಳುತ್ತೆ. ಬಿ.ಇ. ನಾಲ್ಕು ವರ್ಷವೂ ನವೀಕರಣ ಆಗ್ತಾ ಹೋದರೆ ತಂಗಿಗೆ ಒಟ್ಟು 1,44,000.

ಅರ್ಹತೆಗೆ ಪಿಯುಸಿಯಲ್ಲಿ 60% ಸಾಕು. ಹಾಗಂತ 60% ಇದ್ದವರಿಗೆಲ್ಲ ಸಿಗೋದಿಲ್ಲ. ಆರು ವರ್ಗಗಳಿವೆ. ಮೊದಲನೆಯದು ಯುದ್ಧ ಕಾರ್ಯಾಚರಣೆಯಲ್ಲಿ ಮಡಿದವರ ಮಕ್ಕಳು ಮತ್ತು ಪತ್ನಿಯರು. ಆಮೇಲೆ ಕಾರ್ಯಾಚರಣೆಯಲ್ಲಿ ಅಂಗವಿಕಲರಾಗಿ ಸೇವೆಯಿಂದ ಹೊರಬಂದವರು, ಸೇವೆಗೆ ಸಂಬಂಧಿಸಿದ ಕಾರಣದಿಂದ ತೀರಿಕೊಂಡವರು, ಸೇವೆಯ ಕಾರಣದಿಂದ ಅಂಗವಿಕಲರಾದವರು, ಶೌರ್ಯ ಪ್ರಶಸ್ತಿ ಪಡೆದವರು. ಇವರೆಲ್ಲ ಮುಗಿದ ಮೇಲೆ ಆರನೇ ವರ್ಗ, ಅಂದರೆ ಅಧಿಕಾರಿ ದರ್ಜೆಗಿಂತ ಕೆಳಗಿನ ಎಲ್ಲ ಮಾಜಿ ಸೈನಿಕರ ಮಕ್ಕಳು. ಮಾಜಿ ಅಧಿಕಾರಿಗಳ ಮಕ್ಕಳು ಮೊದಲ ಐದು ವರ್ಗದಲ್ಲಿ ಬಂದರೆ ಉಂಟು, ಆರನೆಯದರಲ್ಲಿ ಇಲ್ಲ. ನಿಮ್ಮ ತಂಗಿ ಬರೋದು ಆರರಲ್ಲಿ. ಅಲ್ಲಿ ಅಂಕದ ಮೇಲೆ ಪಟ್ಟಿ, ಪೈಪೋಟಿ ಪೂರ್ತಿ ಅಲ್ಲೇ. 81% ಇದೆಯಲ್ಲ, ಹಾಕಿ.

ಬಹಳ ಮಂದಿ ಎಡವುವುದು ಒಂದೇ ಕಡೆ: ಹೊಸ ಅರ್ಜಿ ಮೊದಲ ವರ್ಷದಲ್ಲಿ ಮಾತ್ರ. "ಈ ವರ್ಷ ಆಗಲಿಲ್ಲ, ಎರಡನೇ ವರ್ಷ ನೋಡೋಣ" ಅನ್ನೋದು ಇಲ್ಲಿ ನಡೆಯೋದಿಲ್ಲ. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರಿದವರಿಗೆ ಮಾತ್ರ ವಿನಾಯ್ತಿ, ಅವರಿಗೆ ಡಿಪ್ಲೊಮಾ ಅಂಕವೇ ಆಧಾರ.

ಓದುವ ಕೋರ್ಸ್ ವೃತ್ತಿಪರ ಪದವಿ ಆಗಿರಬೇಕು. ಬಿ.ಇ., ಎಂಬಿಬಿಎಸ್, ಬಿಡಿಎಸ್, ಬಿ.ಎಡ್., ಬಿಬಿಎ, ಬಿಸಿಎ, ಬಿ.ಫಾರ್ಮಾ ಈ ಥರದ್ದು. ಸಾಮಾನ್ಯ ಬಿ.ಎ., ಬಿ.ಕಾಂ. ಇದರಲ್ಲಿ ಬರೋದಿಲ್ಲ. ಸ್ನಾತಕೋತ್ತರದಲ್ಲಿ ಎಂಬಿಎ, ಎಂಸಿಎ ಬಿಟ್ಟು ಬೇರೆ ಇಲ್ಲ. ದೂರಶಿಕ್ಷಣಕ್ಕೂ ವಿದೇಶದ ಓದಿಗೂ ಇಲ್ಲ.

ನವೀಕರಣಕ್ಕೆ ಪ್ರತಿವರ್ಷ ಕನಿಷ್ಠ 50% ಬೇಕು, ಎಲ್ಲ ವಿಷಯ ಪಾಸಾಗಿರಬೇಕು. ವಿಟಿಯು ಮಕ್ಕಳು ಜಾರೋದು ಇಲ್ಲಿ. ಒಂದು ಗಣಿತ ಬ್ಯಾಕ್ ಉಳಿಸಿಕೊಂಡರೂ ಮುಂದಿನ ವರ್ಷಕ್ಕೆ ಬಡ್ತಿ ಸಿಗಬಹುದು, ಆದರೆ 36,000 ಕೈತಪ್ಪುತ್ತೆ. ಅಂಕಪಟ್ಟಿಯಲ್ಲಿ ಗ್ರೇಡ್ ಮಾತ್ರ ಇದ್ದರೆ ಶೇಕಡಾವಾರು ಪರಿವರ್ತನೆಗೆ ಕಾಲೇಜಿನ ಪತ್ರ ತಗೊಂಡು ಅದನ್ನೇ ಅಪ್‌ಲೋಡ್ ಮಾಡಿ. ನೀವೇ ಲೆಕ್ಕ ಹಾಕಿ ತುಂಬಿದ ಅಂಕಿಗೆ ಕಚೇರಿಯಲ್ಲಿ ಆಧಾರ ಕೇಳ್ತಾರೆ.

ಉತ್ತರ: ಬೆಟ್ಟದಹೂವು

ತಮ್ಮನ ವಿಷಯ ನಾನು ಹೇಳ್ತೀನಿ. ಅವನಿಗೆ ರಕ್ಷಾ ಮಂತ್ರಿ ಮಾಜಿ ಸೈನಿಕರ ಕಲ್ಯಾಣ ನಿಧಿಯ ಶಿಕ್ಷಣ ಅನುದಾನ. ಇದರ ದುಡ್ಡು ಸಶಸ್ತ್ರ ಪಡೆಗಳ ಧ್ವಜ ದಿನದ ನಿಧಿಯಿಂದ ಬರೋದು. ಡಿಸೆಂಬರ್ 7ಕ್ಕೆ ಶಾಲೆಯಲ್ಲಿ ಅಂಗಿಗೆ ಚುಚ್ಚಿಕೊಳ್ಳುವ ಆ ಪುಟ್ಟ ಧ್ವಜದ ದುಡ್ಡು ಹೋಗೋದು ಇಲ್ಲಿಗೇ.

ಹವಾಲ್ದಾರ್ ಮತ್ತು ಅದಕ್ಕಿಂತ ಕೆಳಗಿನ ಹುದ್ದೆಯವರಿಗೆ ಮಾತ್ರ ಇದು. ನೌಕಾಪಡೆ, ವಾಯುಪಡೆಯಲ್ಲಿ ಅದಕ್ಕೆ ಸಮಾನ ಹುದ್ದೆ. ಸುಬೇದಾರ್ ಆಗಿ ನಿವೃತ್ತರಾದವರು ಹಾಕಿ ಆಮೇಲೆ ಬೇಜಾರು ಮಾಡ್ಕೊಳ್ಳೋದು ಬೇಡ. ಒಂದನೇ ತರಗತಿಯಿಂದ ಪದವಿವರೆಗೆ, ಇಬ್ಬರು ಮಕ್ಕಳಿಗೆ. ಮೊದಲು ಮಗುವೊಂದಕ್ಕೆ ತಿಂಗಳಿಗೆ 1,000 ಇತ್ತು. 2025ರ ನವೆಂಬರ್ 1ರಿಂದ ಸಲ್ಲಿಸಿದ ಅರ್ಜಿಗಳಿಗೆ 2,000 ಆಗಿದೆ. ಅಂದರೆ ವರ್ಷಕ್ಕೆ 24,000. ಹಳೇ ವಿಡಿಯೊ ನೋಡಿ 12,000 ಅಂತ ಯಾರಾದ್ರೂ ಹೇಳಿದರೆ ನಂಬಬೇಡಿ. ಸೈನಿಕನ ವಿಧವೆ ಎರಡು ವರ್ಷದ ಸ್ನಾತಕೋತ್ತರ ಪದವಿ ಓದುತ್ತಿದ್ದರೆ ಅವರಿಗೂ ಇದೇ ಮೊತ್ತ. ಈ ಕೊನೆಯದು ಎಷ್ಟೋ ಮನೆಗಳಲ್ಲಿ ಗೊತ್ತೇ ಇರೋದಿಲ್ಲ.

ಹೇಗೆ ನಡೆಯುತ್ತೆ ಅಂದರೆ, ಮಗು ಪಾಸಾದ ತರಗತಿಗೆ ಅರ್ಜಿ. ತಮ್ಮ ಎಂಟು ಪಾಸಾಗಿದ್ದಾನಲ್ಲ, ಆ ಎಂಟನೇ ತರಗತಿಯ ಅಂಕಪಟ್ಟಿ ಇಟ್ಟು ಈಗ ಹಾಕೋದು. ಒಂಬತ್ತರದ್ದು ಮುಂದಿನ ವರ್ಷ ಹೊಸ ಅರ್ಜಿ. ತಾನಾಗಿ ಮುಂದುವರಿಯೋದಿಲ್ಲ, ಪ್ರತಿವರ್ಷ ಹಾಕಲೇಬೇಕು. ಅಪ್ಪ ಈಗ ಬ್ಯಾಂಕಲ್ಲೋ ಸರ್ಕಾರಿ ನಿಗಮದಲ್ಲೋ ಮರು ಉದ್ಯೋಗದಲ್ಲಿದ್ದು ಅಲ್ಲಿಂದ ಮಕ್ಕಳ ಶಿಕ್ಷಣ ಭತ್ಯೆ ತಗೊಳ್ತಿದ್ದರೆ ಇದು ಸಿಗೋದಿಲ್ಲ.

ಅರ್ಜಿ ಜಿಲ್ಲಾ ಸೈನಿಕ ಕಚೇರಿಯಿಂದ ರಾಜ್ಯಕ್ಕೆ, ಅಲ್ಲಿಂದ ದೆಹಲಿಗೆ ಹೋಗುತ್ತೆ. ಹಣ ಬರೋದು ತಡ. ಶಾಲೆ ಫೀಸ್ ಕಟ್ಟೋಕೆ ಇದನ್ನೇ ನೆಚ್ಚಿಕೊಂಡು ಕೂರಬೇಡಿ.

ಉತ್ತರ: ರೆಕಾರ್ಡ್_ರೂಮ್

ಮೇಲಿನ ಇಬ್ಬರೂ ಹೇಳಿದ್ದು ಸರಿ. ಆದರೆ ನಿಮ್ಮ ಅರ್ಜಿ ನಿಲ್ಲೋದು ಅಂಕಕ್ಕೂ ಅಲ್ಲ, ವರ್ಗಕ್ಕೂ ಅಲ್ಲ. ಆ "ಆಶಾ" ಮತ್ತು "ಆಶಾಲತಾ ಆರ್." ಮಧ್ಯೆ ನಿಲ್ಲುತ್ತೆ. ಪೋರ್ಟಲ್ ತೆರೆಯೋ ಮೊದಲು ಇದನ್ನು ಸರಿಮಾಡಿ.

ಯಾಕೆ ಹೀಗಾಗುತ್ತೆ ಅಂದರೆ, ಮಗು ಹುಟ್ಟಿದಾಗ ಅಪ್ಪ ಯುನಿಟ್‌ಗೆ ತಿಳಿಸ್ತಾರೆ, ಯುನಿಟ್ ಪಾರ್ಟ್ 2 ಆರ್ಡರ್ (ಕುಟುಂಬದ ವಿವರವನ್ನು ಸೇವಾ ದಾಖಲೆಗೆ ಸೇರಿಸುವ ಆದೇಶ) ಹೊರಡಿಸುತ್ತೆ. ಆಗ ಮನೆಯಲ್ಲಿ ಕರೆಯುವ ಹೆಸರು ಬರೆದುಹೋಗಿರುತ್ತೆ. ಐದಾರು ವರ್ಷ ಬಿಟ್ಟು ಊರಿನ ಶಾಲೆಗೆ ಸೇರಿಸುವಾಗ ಅಜ್ಜನೋ ಮಾವನೋ ಹೋಗಿ ಬೇರೆ ಹೆಸರು, ವಯಸ್ಸಿಗೆ ಹೊಂದುವ ಬೇರೆ ತಾರೀಕು ಬರೆಸ್ತಾರೆ. ಅಪ್ಪ ಆಗ ಗಡಿಯಲ್ಲಿ. ಎರಡೂ ದಾಖಲೆ ಒಂದೇ ಮೇಜಿನ ಮೇಲೆ ಬರೋದು ಸ್ಕಾಲರ್‌ಶಿಪ್ ಅರ್ಜಿಯ ದಿನವೇ.

ಯಾವುದನ್ನು ತಿದ್ದಬೇಕು? ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಮುಟ್ಟೋಕೆ ಹೋಗಬೇಡಿ. ಅದು ಬದಲಾದರೆ ಪಿಯುಸಿ, ಕಾಲೇಜು, ಆಧಾರ್ ಎಲ್ಲವೂ ಅಲ್ಲಾಡುತ್ತೆ. ಸೇನೆಯ ದಾಖಲೆಯನ್ನು ಎಸ್ಸೆಸ್ಸೆಲ್ಸಿಗೆ ಹೊಂದಿಸಿ.

ಬರೀ ಇನಿಷಿಯಲ್ ಇಲ್ಲ, ಒಂದು ಅಕ್ಷರ ಹೆಚ್ಚುಕಮ್ಮಿ ಅಂತಿದ್ದರೆ ಇಬ್ಬರೂ ಒಬ್ಬಳೇ ಅನ್ನುವ ನೋಟರಿ ಪ್ರಮಾಣಪತ್ರ ಇಟ್ಟರೆ ಜಿಲ್ಲಾ ಕಚೇರಿಯಲ್ಲಿ ಸಾಮಾನ್ಯವಾಗಿ ಒಪ್ಕೊಳ್ತಾರೆ. ನಿಮ್ಮದು ಹಾಗಲ್ಲ, ಹೆಸರೂ ಬೇರೆ, ಜನ್ಮದಿನಾಂಕವೂ ಬೇರೆ. ಹಾಗಾಗಿ ಸೈನಿಕರ ಸೇವಾ ದಾಖಲೆ ಇಟ್ಟುಕೊಳ್ಳುವ ರೆಕಾರ್ಡ್ ಆಫೀಸ್‌ಗೆ ಹೋಗಲೇಬೇಕು. ಆರ್ಟಿಲರಿ ಆದ್ದರಿಂದ ನಾಸಿಕ್ ರೋಡ್. (ಮದ್ರಾಸ್ ಸ್ಯಾಪರ್ಸ್ ಆಗಿದ್ದರೆ ಬೆಂಗಳೂರಿನಲ್ಲೇ ಮುಗಿಯೋದು, ಮದ್ರಾಸ್ ರೆಜಿಮೆಂಟ್ ಆದರೆ ವೆಲ್ಲಿಂಗ್ಟನ್, ಸಿಗ್ನಲ್ಸ್ ಆದರೆ ಜಬಲ್ಪುರ.)

ಕಟ್ಟಿನಲ್ಲಿ ಇವಿಷ್ಟು ಇರಲಿ: ಅಪ್ಪನ ಸಹಿಯ ಅರ್ಜಿ, ಅದರಲ್ಲಿ ಸೇವಾ ಸಂಖ್ಯೆ, ಹುದ್ದೆ, ಹೆಸರು ಡಿಸ್ಚಾರ್ಜ್ ಬುಕ್‌ನಲ್ಲಿದ್ದಂತೆಯೇ. ಹಳೇ ಹೆಸರು ಮತ್ತು ತಾರೀಕು, ಹೊಸ ಹೆಸರು ಮತ್ತು ತಾರೀಕು ಎರಡನ್ನೂ ಬರೆದ ಅಫಿಡವಿಟ್. ತಂಗಿಯ ಜನನ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್. ಡಿಸ್ಚಾರ್ಜ್ ಬುಕ್‌ನ ಕುಟುಂಬ ವಿವರದ ಪುಟ, ಪಿಪಿಒ (ಪಿಂಚಣಿ ಪಾವತಿ ಆದೇಶ). ಹೆಸರು ಬದಲಾವಣೆಗೆ ಒಂದು ಕನ್ನಡ, ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಪ್ರಕಟಣೆ ಕೊಡಿ. ಪ್ರಕಟಣೆಯ ಆ ಚೌಕವನ್ನಷ್ಟೇ ಕತ್ತರಿಸಿ ಅಂಟಿಸಬೇಡಿ, ಪತ್ರಿಕೆಯ ಹೆಸರು ಮತ್ತು ತಾರೀಕು ಕಾಣುವ ಹಾಗೆ ಪೂರ್ತಿ ಪುಟ ಇಡಿ. ಇದೆಲ್ಲವನ್ನೂ ಜಿಲ್ಲಾ ಸೈನಿಕ ಕಚೇರಿಯ ಮೇಲ್ಪತ್ರದ ಜೊತೆ ಕಳಿಸಿ. ನೇರವಾಗಿ ಮನೆಯಿಂದ ಕಳಿಸಿದ್ದಕ್ಕಿಂತ ಅದಕ್ಕೆ ಬೇಗ ಉತ್ತರ ಬರುತ್ತೆ. ಮೂಲ ಡಿಸ್ಚಾರ್ಜ್ ಬುಕ್ ಅನ್ನು ಅವರು ಲಿಖಿತವಾಗಿ ಕೇಳುವ ತನಕ ಅಂಚೆಗೆ ಹಾಕಬೇಡಿ.

ಜನನ ಪ್ರಮಾಣಪತ್ರದ ತಾರೀಕು ಡಿಸ್ಚಾರ್ಜ್ ಬುಕ್‌ಗೆ ಹೊಂದುತ್ತದೋ ಎಸ್ಸೆಸ್ಸೆಲ್ಸಿಗೆ ಹೊಂದುತ್ತದೋ ಮೊದಲೇ ನೋಡಿ. ಎಸ್ಸೆಸ್ಸೆಲ್ಸಿಗೆ ಹೊಂದಿದರೆ ದಾರಿ ಸುಲಭ. ಹೊಂದದಿದ್ದರೆ ಆ ವ್ಯತ್ಯಾಸ ಹೇಗೆ ಬಂತು ಅನ್ನೋದನ್ನು ಅಫಿಡವಿಟ್‌ನಲ್ಲೇ ಎರಡು ಸಾಲು ವಿವರಿಸಿ. ಮುಚ್ಚಿಟ್ಟರೆ ಅದೇ ಆಕ್ಷೇಪಣೆಯಾಗಿ ವಾಪಸ್ ಬರುತ್ತೆ.

ಜೊತೆಗೆ ಅಪ್ಪನ ಸ್ಪರ್ಶ್ (ರಕ್ಷಣಾ ಪಿಂಚಣಿ ಪೋರ್ಟಲ್) ಲಾಗಿನ್ ತೆಗೆದು ಕುಟುಂಬದ ವಿವರ ನೋಡಿ. ಅಲ್ಲೂ ಹಳೇ ಹೆಸರೇ ಇದ್ದರೆ ಅಲ್ಲೂ ತಿದ್ದುಪಡಿ ಕೋರಿಕೆ ಹಾಕಿ. ಒಂದನ್ನು ತಿದ್ದಿ ಇನ್ನೊಂದನ್ನು ಬಿಟ್ಟರೆ ಮುಂದೆ ಕುಟುಂಬ ಪಿಂಚಣಿ ಹೊತ್ತಿಗೆ ಮತ್ತೆ ಇದೇ ಗೋಳು. ತಮ್ಮನ ಹೆಸರು, ಅಮ್ಮನ ಹೆಸರೂ ಈಗಲೇ ಒಮ್ಮೆ ತಾಳೆ ನೋಡಿಬಿಡಿ.

ಕಡಲೂರ_ಹುಡುಗ

ಜನನ ಪ್ರಮಾಣಪತ್ರ ಎಸ್ಸೆಸ್ಸೆಲ್ಸಿಗೇ ಹೊಂದುತ್ತೆ, ಸದ್ಯ. ಆದರೆ ರೆಕಾರ್ಡ್ ಆಫೀಸ್ ಉತ್ತರ ಬರೋ ಹೊತ್ತಿಗೆ ಪಿಎಂಎಸ್‌ಎಸ್ ಕೊನೇ ದಿನ ದಾಟಿಹೋದರೆ? ಮೊದಲ ವರ್ಷ ಬಿಟ್ಟರೆ ಮತ್ತೆ ಅವಕಾಶ ಇಲ್ಲ ಅಂದ್ರಲ್ಲ.

ಉತ್ತರ: ರೆಕಾರ್ಡ್_ರೂಮ್

ಕಾಯಬೇಡಿ, ಎರಡನ್ನೂ ಒಟ್ಟಿಗೆ ನಡೆಸಿ. ರೆಕಾರ್ಡ್ ಆಫೀಸ್‌ಗೆ ಕಳಿಸಿದ ಅರ್ಜಿಯ ಪ್ರತಿ, ಅಂಚೆ ರಸೀದಿ, ಅಫಿಡವಿಟ್ ಇವಿಷ್ಟನ್ನೂ ಇಟ್ಟುಕೊಂಡು ಅಪ್ಪನನ್ನೇ ಕರ್ಕೊಂಡು ಜಿಲ್ಲಾ ಕಚೇರಿಗೆ ಹೋಗಿ ಉಪನಿರ್ದೇಶಕರನ್ನು ನೋಡಿ. ಉಡುಪಿ ಜಿಲ್ಲೆಯವರಿಗೆ ಮಂಗಳೂರಿನ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಕಚೇರಿ. ಪಿಎಂಎಸ್‌ಎಸ್‌ಗೆ ಬೇಕಾದ ಮಾಜಿ ಸೈನಿಕ ಪ್ರಮಾಣಪತ್ರಕ್ಕೆ ಸಹಿ ಹಾಕೋದು ಅವರೇ, ಅನುಬಂಧ 1 ಅಂತಾರೆ ಅದಕ್ಕೆ. ತಿದ್ದುಪಡಿ ಪ್ರಕ್ರಿಯೆಯಲ್ಲಿದೆ ಅನ್ನೋದಕ್ಕೆ ಕೈಯಲ್ಲಿ ಕಾಗದ ಇದ್ದರೆ ಮಾತಾಡೋಕೆ ಜಾಗ ಇರುತ್ತೆ. ಬರಿಗೈಲಿ ಹೋದರೆ ಇರಲ್ಲ.

ಉತ್ತರ: ನಿವೃತ್ತ_ಗುಮಾಸ್ತ

ಉಳಿದ ಎರಡು ಅನುಬಂಧ: ಒಂದು ಕಾಲೇಜಿನ ವ್ಯಾಸಂಗ ಪ್ರಮಾಣಪತ್ರ, ಇನ್ನೊಂದು ಖಾತೆಗೆ ಆಧಾರ್ ಜೋಡಣೆಯಾಗಿದೆ ಅನ್ನುವ ಬ್ಯಾಂಕ್ ಪ್ರಮಾಣಪತ್ರ. ಕಾಲೇಜಿನದಕ್ಕೆ ಅವರದೇ ಲೆಟರ್‌ಹೆಡ್‌ನ ಮಾಮೂಲಿ ಸ್ಟಡಿ ಸರ್ಟಿಫಿಕೇಟ್ ಕೊಟ್ಟು ಕಳಿಸ್ತಾರೆ. ಬೇಡ ಅನ್ನಿ. ಪೋರ್ಟಲ್‌ನಲ್ಲಿರುವ ನಮೂನೆಯನ್ನೇ ಮುದ್ರಿಸಿ ಅದಕ್ಕೇ ಪ್ರಾಂಶುಪಾಲರ ಸಹಿ, ಮೊಹರು ಹಾಕಿಸಿ.

ಬ್ಯಾಂಕ್ ವಿಷಯ ಇನ್ನೂ ಸೂಕ್ಷ್ಮ. ಖಾತೆ ತಂಗಿಯ ಹೆಸರಲ್ಲೇ ಇರಬೇಕು, ಅಪ್ಪನದ್ದು ಆಗೋದಿಲ್ಲ. "ಆಧಾರ್ ಲಿಂಕ್ ಆಗಿದೆ" ಅಂತ ಬ್ಯಾಂಕಲ್ಲಿ ಹೇಳಿದರೆ ಅಷ್ಟಕ್ಕೇ ಎದ್ದು ಬರಬೇಡಿ. ಕೆವೈಸಿಗೆ ಆಧಾರ್ ಕೊಟ್ಟಿರೋದು ಬೇರೆ, ಎನ್‌ಪಿಸಿಐ ಮ್ಯಾಪರ್‌ನಲ್ಲಿ (ಯಾವ ಆಧಾರ್‌ನ ಹಣ ಯಾವ ಬ್ಯಾಂಕಿಗೆ ಅಂತ ಹೇಳುವ ಪಟ್ಟಿ) ಆ ಖಾತೆ ಇರೋದು ಬೇರೆ. ನೇರ ನಗದು ವರ್ಗಾವಣೆ (ಡಿಬಿಟಿ) ನೋಡೋದು ಎರಡನೆಯದನ್ನು. ಒಂದು ಆಧಾರ್‌ಗೆ ಒಂದೇ ಬ್ಯಾಂಕ್ ಮ್ಯಾಪ್ ಆಗಿರುತ್ತೆ, ಕೊನೆಗೆ ಸೀಡ್ ಮಾಡಿದ್ದು, ಅಂದರೆ ಜೋಡಿಸಿದ್ದು ಯಾವುದೋ ಅದು. ಹುಡುಗಿ ಹಾಸ್ಟೆಲ್ ಹತ್ತಿರ ಇನ್ನೊಂದು ಖಾತೆ ತೆರೆದು ಅಲ್ಲಿ ಡಿಬಿಟಿ ಚೌಕಕ್ಕೆ ಟಿಕ್ ಹಾಕಿದ್ದರೆ ದುಡ್ಡು ಅಲ್ಲಿಗೆ ಹೋಗುತ್ತೆ, ಮನೇಲಿ "ಬಂದಿಲ್ಲ" ಅಂತ ಕಾಯ್ತಾ ಇರ್ತಾರೆ. ಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಥಿತಿ ನೋಡಬಹುದು, ಒಂದು ನಿಮಿಷದ ಕೆಲಸ.

ಸೈಬರ್ ಅಂಗಡಿ ಬಗ್ಗೆ: ಟೈಪ್ ಮಾಡಿಸಿ, ಸ್ಕ್ಯಾನ್ ಮಾಡಿಸಿ, ತಪ್ಪಿಲ್ಲ. ಮೊಬೈಲ್ ನಂಬರ್ ಮತ್ತು ಇಮೇಲ್ ಮಾತ್ರ ನಿಮ್ಮದೇ ಹಾಕಿಸಿ. ಬೇಗ ಮುಗಿಯಲಿ ಅಂತ ಅವರು ತಮ್ಮ ನಂಬರ್ ಹಾಕಿಬಿಟ್ಟರೆ, ಆಕ್ಷೇಪಣೆ ಬಂದ ಸಂದೇಶವೂ ಅವರಿಗೇ, ಮುಂದಿನ ವರ್ಷ ನವೀಕರಣದ ಒಟಿಪಿಯೂ ಅವರಿಗೇ. ಅಷ್ಟೊತ್ತಿಗೆ ಅಂಗಡಿ ಇರುತ್ತೋ ಇಲ್ಲವೋ. ಅರ್ಜಿ ಸಲ್ಲಿಸಿದ ಮೇಲೂ ವಾರಕ್ಕೊಮ್ಮೆ ಲಾಗಿನ್ ಆಗಿ ಸ್ಥಿತಿ ನೋಡ್ತಾ ಇರಿ. ತಿದ್ದುಪಡಿಗೆ ವಾಪಸ್ ಬಂದ ಅರ್ಜಿಯನ್ನು ಗಡುವಿನೊಳಗೆ ಮತ್ತೆ ಕಳಿಸದಿದ್ದರೆ ಅದು ಅಲ್ಲಿಗೇ ಮುಗೀತು.

ಪ್ರಶ್ನೆ ನಡುವೆ: ಮಲೆನಾಡ_ಮಾವ

ಇದೇ ಪಿಎಂಎಸ್‌ಎಸ್ ಸಿಆರ್‌ಪಿಎಫ್‌ನವರ ಮಕ್ಕಳಿಗೂ ಉಂಟಲ್ಲ? ಅಗ್ನಿವೀರರಿಗೆ?

ಉತ್ತರ: ಬೆಟ್ಟದಹೂವು

ಹೆಸರು ಅದೇ, ಬಾಗಿಲು ಬೇರೆ. ಸಿಆರ್‌ಪಿಎಫ್, ಬಿಎಸ್‌ಎಫ್ ಮುಂತಾದ ಪಡೆಗಳದ್ದು ಮತ್ತು ಅಸ್ಸಾಂ ರೈಫಲ್ಸ್‌ನದ್ದು ಗೃಹ ಸಚಿವಾಲಯದ ಕಲ್ಯಾಣ ಮತ್ತು ಪುನರ್ವಸತಿ ಮಂಡಳಿ ನೋಡಿಕೊಳ್ಳೋದು. ಅರ್ಜಿ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ. ಅಲ್ಲಿ 2,000 ವಿದ್ಯಾರ್ಥಿವೇತನ, ಮೊತ್ತ ಇಲ್ಲಿನಷ್ಟೇ. ಸೈನಿಕ ಬೋರ್ಡ್ ಪೋರ್ಟಲ್‌ನಲ್ಲಿ ಹಾಕಿದರೆ ತಿರಸ್ಕೃತ. ಕೋಸ್ಟ್ ಗಾರ್ಡ್‌ನ ಮಾಜಿಗಳು ಮಾತ್ರ ಸೈನಿಕ ಬೋರ್ಡ್ ಕಡೆಯೇ ಬರ್ತಾರೆ.

ಅಗ್ನಿವೀರರು ನಾಲ್ಕು ವರ್ಷ ಮುಗಿಸಿ ಬಂದರೆ ಮಾಜಿ ಸೈನಿಕ ಸ್ಥಾನಮಾನ ಇಲ್ಲ, ಹಾಗಾಗಿ ಈ ಎರಡೂ ಇಲ್ಲ. ಕಾಯಂ ಆಗಿ ಉಳಿದವರ ಲೆಕ್ಕ ಬೇರೆ. ಅಗ್ನಿವೀರರ ಸ್ವಂತ ಓದಿಗೆ ಇಗ್ನೊ ಪದವಿ ಇದೆ, ಅದರ ಅರ್ಧ ಕ್ರೆಡಿಟ್ ಸೇವೆಯಲ್ಲಿ ಪಡೆದ ತರಬೇತಿಯಿಂದಲೇ ಸಿಗುತ್ತೆ.

ಇನ್ನೂ ಸೇವೆಯಲ್ಲಿರೋರು ಇಲ್ಲಿ ಕೇಳೋ ಮೊದಲು: ನಿಮಗೆ ಇವ್ಯಾವೂ ಅಲ್ಲ, ಮಕ್ಕಳ ಶಿಕ್ಷಣ ಭತ್ಯೆ. 2024ರ ಜನವರಿ 1ರಿಂದ ಮಗುವೊಂದಕ್ಕೆ ತಿಂಗಳಿಗೆ 2,812.50, ಹಾಸ್ಟೆಲ್‌ನಲ್ಲಿದ್ದರೆ ಹಾಸ್ಟೆಲ್ ಸಬ್ಸಿಡಿ 8,437.50. ಹನ್ನೆರಡನೇ ತರಗತಿವರೆಗೆ, ಹಿರಿಯ ಇಬ್ಬರು ಮಕ್ಕಳಿಗೆ. ಶೈಕ್ಷಣಿಕ ವರ್ಷ ಮುಗಿದ ಮೇಲೆ ಶಾಲಾ ಮುಖ್ಯಸ್ಥರ ಪತ್ರ ಕೊಟ್ಟು ಕ್ಲೇಮ್ ಮಾಡೋದು. ಪ್ರತಿಯೊಂದು ಪುಸ್ತಕದ ಬಿಲ್ ಕೂಡಿಡುವ ಕಾಲ ಹೋಯಿತು.

ಉತ್ತರ: ಸಿಇಟಿ_ಕಟ್ಟೆ

ಸಿಇಟಿ ಯಾರೂ ಮುಟ್ಟಿಲ್ಲ, ತಮ್ಮನಿಗೆ ಮುಂದೆ ಬೇಕಾಗುತ್ತೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದಲ್ಲಿ ಸೈನಿಕ ಮತ್ತು ಮಾಜಿ ಸೈನಿಕ ಅಂತ ವಿಶೇಷ ಪ್ರವರ್ಗ ಇದೆ. ಸಿಇಟಿ ಅರ್ಜಿ ತುಂಬುವಾಗಲೇ ಅದನ್ನು ಕ್ಲೇಮ್ ಮಾಡಿರಬೇಕು, ರ‍್ಯಾಂಕ್ ಬಂದ ಮೇಲೆ ನೆನಪಾದರೆ ಪ್ರಯೋಜನ ಇಲ್ಲ. ಕ್ಲೇಮ್ ಮಾಡಿದವರ ಮೂಲ ದಾಖಲೆ ಪರಿಶೀಲನೆ ಬೆಂಗಳೂರಿನ ಮಲ್ಲೇಶ್ವರದ ಕಚೇರಿಯಲ್ಲಿ. ಡಿಸ್ಚಾರ್ಜ್ ಬುಕ್, ಪಿಪಿಒ, ಮಾಜಿ ಸೈನಿಕ ಗುರುತಿನ ಚೀಟಿ, ಜಿಲ್ಲಾ ಸೈನಿಕ ಕಚೇರಿಯ ಪ್ರಮಾಣಪತ್ರ ಬೇಕು. ಮತ್ತೆ ಅದೇ ಹೆಸರಿನ ತಾಳೆ.

ಅಪ್ಪನ ಪೋಸ್ಟಿಂಗ್ ಜೊತೆ ಓಡಾಡಿ ಹೊರರಾಜ್ಯದಲ್ಲಿ ಓದಿದ ಮಕ್ಕಳಿಗೆ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕೆಂಬ ನಿಯಮ ಅಡ್ಡ ಬರೋದಿಲ್ಲ, ಸೈನಿಕರ ಮಕ್ಕಳಿಗೆ ಬೇರೆಯೇ ಕಲಂ ಇದೆ. ಅದಕ್ಕೆ ಸೇನೆಗೆ ಸೇರುವಾಗ ಅಪ್ಪ ಸ್ವಂತ ಊರು ಕರ್ನಾಟಕದಲ್ಲಿ ಅಂತ ಬರೆಸಿರಬೇಕು. ಮುಂಬೈಯಲ್ಲಿ ಕೆಲಸ ಮಾಡ್ತಾ ಅಲ್ಲಿಂದಲೇ ಭರ್ತಿಯಾಗಿ ಅಲ್ಲಿನ ವಿಳಾಸ ಬರೆಸಿದ ಕರಾವಳಿಯವರು ಕಡಿಮೆಯೇನಿಲ್ಲ. ಅವರ ಮಕ್ಕಳಿಗೆ ಈ ಕಲಂ ಕೆಲಸಕ್ಕೆ ಬರೋದಿಲ್ಲ.

ಎಂಬಿಬಿಎಸ್ ಕನಸಿದ್ದರೆ ಇನ್ನೊಂದು ದಾರಿ: ಕೇಂದ್ರದ ಕೋಟಾದಿಂದ ರಕ್ಷಣಾ ಸಚಿವಾಲಯಕ್ಕೆ ಬರುವ ಎಂಬಿಬಿಎಸ್, ಬಿಡಿಎಸ್ ಸೀಟು. ನೀಟ್ ಅಂಕ ಬೇಕೇ ಬೇಕು. ಅಲ್ಲಿ ಒಂಬತ್ತು ಆದ್ಯತೆಗಳು, ಸಾಮಾನ್ಯ ಮಾಜಿ ಸೈನಿಕರ ಮಕ್ಕಳು ಆರನೆಯವರು, ಸೇವೆಯಲ್ಲಿರುವವರ ಮಕ್ಕಳು ಎಂಟನೆಯವರು. ಸೀಟು ಬೆರಳೆಣಿಕೆ. ಹಾಕಿ, ಆದರೆ ಅದನ್ನೇ ನಂಬಿ ಸಿಇಟಿ ಕೌನ್ಸೆಲಿಂಗ್ ಬಿಡಬೇಡಿ.

ಸೈನಿಕ ಶಾಲೆಗೆ ಪ್ರವೇಶ ಆರು ಮತ್ತು ಒಂಬತ್ತನೇ ತರಗತಿಗೆ ಮಾತ್ರ, ತಮ್ಮನಿಗೆ ಆ ಗಾಡಿ ತಪ್ಪಿದೆ. ಐದನೇ ಕ್ಲಾಸಿನ ಮಕ್ಕಳಿರೋರು ವಿಜಯಪುರ, ಕೊಡಗು ಎರಡನ್ನೂ ನೋಡಿ. ಪರಿಶಿಷ್ಟ ಮತ್ತು ಹಿಂದುಳಿದ ವರ್ಗಗಳ ಸೀಟು ಕಳೆದು ಉಳಿದದ್ದರಲ್ಲಿ 25% ಸೈನಿಕರ, ಮಾಜಿ ಸೈನಿಕರ ಮಕ್ಕಳಿಗೆ.

ಉತ್ತರ: ರೆಕಾರ್ಡ್_ರೂಮ್

ಇದನ್ನು ಓದುವ ವೀರನಾರಿಯರಿಗೆ (ಹುತಾತ್ಮ ಸೈನಿಕರ ಪತ್ನಿಯರಿಗೆ), ಕಾರ್ಯಾಚರಣೆಯಲ್ಲಿ ಅಂಗವಿಕಲರಾದವರ ಮನೆಯವರಿಗೆ ಒಂದು ಮಾತು. ನೀವು ಪಿಎಂಎಸ್‌ಎಸ್‌ನಲ್ಲೇ ನಿಲ್ಲಬೇಡಿ. 1971ರ ಯುದ್ಧದ ನಂತರ, 1972ರಲ್ಲಿ ಶುರುವಾದ ಶೈಕ್ಷಣಿಕ ರಿಯಾಯಿತಿ ಬೇರೆಯೇ ಇದೆ. ಪೂರ್ತಿ ಬೋಧನಾ ಶುಲ್ಕ, ಹಾಸ್ಟೆಲ್ ಖರ್ಚು, ಪುಸ್ತಕ ಮತ್ತು ಸಮವಸ್ತ್ರದ ಹಣ ಇದರಲ್ಲಿ ಬರುತ್ತೆ. 2017ರಲ್ಲಿ ತಿಂಗಳಿಗೆ 10,000 ಅಂತ ಮಿತಿ ಹಾಕಿದ್ದರು, 2018ರ ಮಾರ್ಚ್‌ನಲ್ಲಿ ಅದನ್ನು ತೆಗೆದರು. ಹಳೇ ಸುತ್ತೋಲೆ ತೋರಿಸಿ ಮಿತಿ ಇದೆ ಅಂದರೆ ಒಪ್ಪಬೇಡಿ. ಸಂಸ್ಥೆ ಸರ್ಕಾರಿ, ಅನುದಾನಿತ ಅಥವಾ ಸರ್ಕಾರದಿಂದ ಮಾನ್ಯತೆ ಪಡೆದದ್ದಾಗಿರಬೇಕು.

ಇಲ್ಲಿ ಎಲ್ಲವೂ ನಿಂತಿರೋದು ಒಂದು ಕಾಗದದ ಮೇಲೆ. ಸಾವು ಅಥವಾ ಗಾಯವನ್ನು ಬ್ಯಾಟಲ್ ಕ್ಯಾಶುವಲ್ಟಿ (ಕಾರ್ಯಾಚರಣೆಯಲ್ಲಿ ಆದದ್ದು) ಅಂತ ದಾಖಲಿಸಿದ್ದಾರಾ, ಫಿಸಿಕಲ್ ಕ್ಯಾಶುವಲ್ಟಿ (ಕಾರ್ಯಾಚರಣೆಯ ಹೊರಗೆ ಆದದ್ದು) ಅಂತಲಾ ನೋಡಿ. ಎರಡನೆಯದಾದರೆ ಈ ರಿಯಾಯಿತಿ ಸಿಗೋದಿಲ್ಲ, ಆದರೆ ಸೇವೆಗೆ ಸಂಬಂಧಿಸಿದ್ದು ಅಂತ ಒಪ್ಪಿದ್ದರೆ ಪಿಎಂಎಸ್‌ಎಸ್‌ನ ಮೂರನೇ ಅಥವಾ ನಾಲ್ಕನೇ ವರ್ಗಕ್ಕೆ ಬರ್ತೀರಿ. ಗೊತ್ತಿಲ್ಲದೆ ಆರನೇ ವರ್ಗದಲ್ಲಿ ಅರ್ಜಿ ಹಾಕಿ ಅಂಕ ಸಾಲದೆ ಬಿಟ್ಟುಹೋದವರಿದ್ದಾರೆ. ಪಿಪಿಒದಲ್ಲಿ ಯಾವ ಬಗೆಯ ಪಿಂಚಣಿ ಅಂತ ಬರೆದಿರುತ್ತೆ. ಸಾಮಾನ್ಯ ಕುಟುಂಬ ಪಿಂಚಣಿಯೋ, ವಿಶೇಷ ಕುಟುಂಬ ಪಿಂಚಣಿಯೋ, ಉದಾರೀಕೃತ ಕುಟುಂಬ ಪಿಂಚಣಿಯೋ ಅಂತ ಓದಿ, ಆಮೇಲೆ ವರ್ಗ ಆರಿಸಿ.

ಕಡಲೂರ_ಹುಡುಗ

ಸ್ಪರ್ಶ್ ತೆಗೆದು ನೋಡಿದೆ, ಅಲ್ಲಿ ಅಮ್ಮನ ಹೆಸರಲ್ಲೂ ಒಂದಕ್ಷರ ತಪ್ಪಿದೆ. ಒಂದೇ ಅಫಿಡವಿಟ್‌ನಲ್ಲಿ ಇಬ್ಬರದ್ದೂ ಬರೆಸಬಹುದಾ?

ಉತ್ತರ: ರೆಕಾರ್ಡ್_ರೂಮ್

ಬೇಡ, ಬೇರೆ ಬೇರೆ ಮಾಡಿಸಿ. ತಂಗಿಯದ್ದು ಸ್ಕಾಲರ್‌ಶಿಪ್ ಕಡತಕ್ಕೂ ಹೋಗಬೇಕು, ಅಮ್ಮನದ್ದು ಪಿಂಚಣಿ ಕಡತಕ್ಕೆ ಮಾತ್ರ. ಒಂದರಲ್ಲಿ ಆಕ್ಷೇಪಣೆ ಬಂದರೆ ಇನ್ನೊಂದೂ ಜೊತೆಗೇ ನಿಲ್ಲೋದು ಬೇಡ. ಅಪ್ಪ ಒಂದೇ ದಿನ ನೋಟರಿ ಹತ್ತಿರ ಹೋಗಿ ಎರಡಕ್ಕೂ ಸಹಿ ಹಾಕಿ ಬರಲಿ, ತಂಗಿಯದಕ್ಕೆ ಎರಡು ಮೂಲ ಪ್ರತಿ.